ಕಲಂ ಸರ್ ಮತ್ತು ನಮ್ಮ ಡಬ್ಬಿಯ ಸಂವಿಧಾನ

ಅವರು ನಿವೃತ್ತರಾದ ದಿನ ಹಾವೇರಿಯ ಕಾಲೇಜಿನ ಸಭಾಂಗಣದಲ್ಲಿ ಭಾಷಣವೋ ಭಾಷಣ. ಒಬ್ಬರು ‘ಶಿಸ್ತಿನ ಸಿಪಾಯಿ’ ಎಂದರು. ಇನ್ನೊಬ್ಬರು ‘ಸಂವಿಧಾನವನ್ನು ಅರೆದು ಕುಡಿದವರು’ ಎಂದರು. ಮೂರನೆಯವರು ಶಾಲು ಹೊದಿಸುತ್ತಾ ‘ಮಿತಭಾಷಿ’ ಎಂದುಬಿಟ್ಟರು ನೋಡಿ, ಹಿಂದಿನ ಸಾಲಿನಲ್ಲಿ ಕೂತಿದ್ದ ನಾವು ರೈಲಿನವರು ಸೆರಗು, ಕರವಸ್ತ್ರ ಬಾಯಿಗೆ ಒತ್ತಿಕೊಂಡು ನಕ್ಕೆವು. ಮಿತಭಾಷಿಯಂತೆ! ರಾಣೇಬೆನ್ನೂರಿನಲ್ಲಿ ತೆರೆದ ಬಾಯಿಯನ್ನು ಹಾವೇರಿ ಬಂದಾಗ ಮಾತ್ರ, ಅದೂ ಒಲ್ಲದ ಮನಸ್ಸಿನಿಂದ, ಮುಚ್ಚುತ್ತಿದ್ದ ಮನುಷ್ಯ ಅವರು. ವೇದಿಕೆಯ ಮೇಲಿದ್ದವರಿಗೆ ಅವರ ತರಗತಿ ಗೊತ್ತಿತ್ತು, ನಮ್ಮ ಡಬ್ಬಿ ಗೊತ್ತಿರಲಿಲ್ಲ. ಹೋಗಲಿ, ಅವರಿಗೆ ಗೊತ್ತಿಲ್ಲದ್ದನ್ನು ನಾನಾದರೂ ಬರೆದಿಡುತ್ತೇನೆ.

ಹಾವೇರಿ ಇನ್ನೂ ಜಿಲ್ಲೆಯಾಗಿರಲಿಲ್ಲ, ರೈಲು ಇನ್ನೂ ಮೀಟರ್ ಗೇಜಿನ ಪುಟ್ಟ ರೈಲಾಗಿತ್ತು. ನಾನು ಹಾವೇರಿಯ ಒಂದು ಸರಕಾರಿ ಕಚೇರಿಯಲ್ಲಿ ಟೈಪಿಸ್ಟ್. ಅವರು ಅಲ್ಲಿನ ಕಾಲೇಜಿನಲ್ಲಿ ರಾಜ್ಯಶಾಸ್ತ್ರದ ಅಧ್ಯಾಪಕರು. ಇಬ್ಬರ ಮನೆಯೂ ರಾಣೇಬೆನ್ನೂರಿನಲ್ಲಿ. ಬೆಳಿಗ್ಗೆ ಪ್ಯಾಸೆಂಜರ್ ಹತ್ತಿ ಬ್ಯಾಡಗಿ ದಾಟಿ ಹಾವೇರಿಗೆ ಹೋಗುವುದು, ಸಂಜೆ ಅದೇ ದಾರಿಯಲ್ಲಿ ಮರಳುವುದು. ತಿಂಗಳ ಪಾಸು ಇಟ್ಟುಕೊಂಡು ಹೀಗೆ ಓಡಾಡುವವರ ಒಂದು ದಂಡೇ ಇತ್ತು. ಇಂಜಿನ್ನಿನ ಹಿಂದಿನ ಒಂದು ಡಬ್ಬಿ ನಮ್ಮದು ಎಂದು ನಾವೇ ತೀರ್ಮಾನಿಸಿಕೊಂಡಿದ್ದೆವು. ರೈಲ್ವೆಯವರನ್ನು ಯಾರೂ ಕೇಳಿರಲಿಲ್ಲ.

ಯಾವ ವಿಷಯ ಬಂದರೂ ತೋರುಬೆರಳು ಎತ್ತಿ ‘ಇದಕ್ಕ ಒಂದು ಕಲಂ ಐತಿ’ ಎಂದೇ ಅವರು ಶುರು ಮಾಡುತ್ತಿದ್ದುದರಿಂದ ಡಬ್ಬಿಯವರೆಲ್ಲ ಅವರನ್ನು ಕಲಂ ಸರ್ ಎನ್ನುತ್ತಿದ್ದರು. ಗಿಡ್ಡ ಆಳು. ತಲೆಯ ಮೇಲಿನ ಹಲಗೆ ಕೈಗೆ ಎಟುಕುತ್ತಿರಲಿಲ್ಲ. ಯಾರಾದರೂ ‘ಚೀಲಾ ಕೊಡ್ರಿ ಸರ, ಮ್ಯಾಲೆ ಇಡ್ತೇನಿ’ ಎಂದರೆ ಕೊಡುವವರೂ ಅಲ್ಲ. ಚೀಲವನ್ನು ತೊಡೆಯ ಮೇಲೆ ನಿಲ್ಲಿಸಿಕೊಂಡು, ಅದರ ಮೇಲೆ ಗದ್ದವಿಟ್ಟು, ಎದುರಿನವರು ಯಾವಾಗ ಒಂದು ಪ್ರಶ್ನೆ ಕೇಳಿಯಾರು ಎಂದು ಕಾಯುತ್ತಿದ್ದರು.

ಕೇಂದ್ರ ಮತ್ತು ರಾಜ್ಯಗಳ ನಡುವೆ ಅಧಿಕಾರದ ಹಂಚಿಕೆ ಹೇಗೆ ಎಂದು ನಾನೊಮ್ಮೆ ಕೇಳಿ ಸಿಕ್ಕಿಬಿದ್ದೆ. ಇಲಾಖೆಯ ಪರೀಕ್ಷೆಗೆ ಬೇಕಾಗಿತ್ತು.

‘ತಂಗೀ, ನಿಮ್ಮನ್ಯಾಗ ಅತ್ತಿ ಅದಾರಿಲ್ಲ?’ ಎಂದರು.

‘ಅದಾರ್ರಿ ಸರ.’

‘ಉಗ್ರಾಣದ ಕೀಲಿ ಯಾರ ಕಡೆ ಇರತೈತಿ?’

‘ಅತ್ತೀ ಕಡೆ.’

‘ಅದು ಕೇಂದ್ರ ಪಟ್ಟಿ. ಒಲೀ ಮ್ಯಾಲಿನ ಪಲ್ಯ?’

‘ಅದು ನಂದ್ರಿ.’

‘ರಾಜ್ಯ ಪಟ್ಟಿ. ಇನ್ನ ಉಪ್ಪು. ಅದನ್ನ ಅತ್ತೀನೂ ಹಾಕಬಹುದು, ಸೊಸೀನೂ ಹಾಕಬಹುದು. ಅದಕ್ಕ ಸಮವರ್ತಿ ಪಟ್ಟಿ ಅಂತಾರ. ಇಬ್ಬರ ಕೈ ಉಪ್ಪಿಗೂ ತಂಟೆ ಬಿತ್ತಂದ್ರ ಯಾರದು ನಡೀತೈತಿ?’

‘ಅತ್ತೀದ ನಡೀತೈತ್ರಿ, ಕೇಳೋದೇನೈತಿ ಅದ್ರಾಗ!’ ಎಂದೆ ನಾನು. ಸ್ವಲ್ಪ ಜೋರಾಗಿಯೇ ಹೇಳಿದ್ದಿರಬೇಕು, ಇಡೀ ಡಬ್ಬಿ ನಕ್ಕಿತು. ಆ ಪರೀಕ್ಷೆಯಲ್ಲಿ ನಾನು ಪಾಸಾದೆ. ಉತ್ತರ ಬರೆಯುವಾಗ ಉಪ್ಪು ಎಂದು ಬರೆಯದಂತೆ ತಡೆದುಕೊಳ್ಳುವುದೇ ಕಷ್ಟವಾಗಿತ್ತು.

ಅವರು ಹೇಳಿದ್ದನ್ನು ನಡೆದೂ ತೋರಿಸುತ್ತಿದ್ದರು. ಅದೇ ಒಂದೊಂದು ಸಲ ಫಜೀತಿ. ಒಮ್ಮೆ ಪಾಸು ಮನೆಯಲ್ಲೇ ಮರೆತು ಬಂದಿದ್ದರು. ನಾವು ಯಾರೂ ಬಾಯಿ ಬಿಡುತ್ತಿರಲಿಲ್ಲ, ಟಿಕೆಟ್ ಕಲೆಕ್ಟರ್ ಕೂಡ ನಮಸ್ಕಾರ ಹೇಳಿ ಮುಂದೆ ಹೋಗುತ್ತಿದ್ದ. ಇವರೇ ಎದ್ದು ಅವನ ತೋಳು ಹಿಡಿದರು.

‘ದಂಡ ಹಾಕು.’

‘ಬಿಡ್ರಿ ಸರ, ನಾ ನಿಮ್ಮ ಕಡೇನ ಕಲ್ತಾಂವ ಅದೀನಿ.’

‘ನನ್ನ ಕಡೆ ಕಲ್ತು ಹಿಂಗಂತೀಯಲ್ಲೋ! ಕಾಯ್ದೆ ಮುಂದ ಎಲ್ಲಾರೂ ಸಮ ಅಂತ ನಾ ಹೇಳಿಲ್ಲೇನು? ಹಾಕು ದಂಡಾ, ಇಲ್ಲಾಂದ್ರ ಆವಾಗ ಕೊಟ್ಟ ಮಾರ್ಕ್ಸ್ ವಾಪಸ್ ತಗೋತೇನಿ.’

ಪಾಪ, ಆ ಹುಡುಗ ತಲೆ ತಗ್ಗಿಸಿಕೊಂಡು ರಸೀತಿ ಹರಿದುಕೊಟ್ಟ. ಇವರು ಮಾತ್ರ ಬಹುಮಾನ ಬಂದವರ ಹಾಗೆ ಆ ರಸೀತಿಯನ್ನು ಎಲ್ಲರಿಗೂ ತೋರಿಸಿದರು. ಮನೆಯಲ್ಲಿ ಹೆಂಡತಿಗೂ ತೋರಿಸಿದರಂತೆ. ಅವರ ಹೆಂಡತಿ, ‘ಸಂವಿಧಾನಾ ರೈಲಿನ್ಯಾಗ ಬಿಟ್ಟು ಮನೀಗೆ ಬರ್ರಿ ಅಂತ ಎಷ್ಟ ಸಲ ಹೇಳೇನಿ’ ಎಂದು ಬೈದದ್ದನ್ನು ಮರುದಿನ ಅವರೇ ನಮಗೆ ಅಭಿನಯಿಸಿ ತೋರಿಸಿದರು.

ಡಬ್ಬಿಗೆ ಒಂದು ಸಂವಿಧಾನ ಬೇಕು ಎಂಬ ಹುಚ್ಚು ಎದ್ದದ್ದು ಇಸ್ಪೀಟಿನಿಂದ. ಎಲೆ ಹಂಚುವವನೇ ಆಡಿ, ಜಗಳ ಬಿದ್ದಾಗ ಅವನೇ ತೀರ್ಪನ್ನೂ ಹೇಳುತ್ತಿದ್ದ. ‘ಹಂಚಾಂವ ಬ್ಯಾರೆ, ಆಡಾಂವ ಬ್ಯಾರೆ, ನ್ಯಾಯ ಹೇಳಾಂವ ಬ್ಯಾರೆ ಇರಬೇಕು. ಮೂರೂ ಒಂದ ಕೈಯಾಗ ಬಂದ್ರ ದೇಶಾ ಹಾಳಾಗತೈತಿ, ಇನ್ನ ಇಸ್ಪೀಟೇನು ಉಳೀತೈತಿ!’ ಎಂದರು ಕಲಂ ಸರ್. ಅಲ್ಲಿಂದ ಶುರುವಾಯಿತು. ತಿಂಗಳಿಗೊಬ್ಬ ಅಧ್ಯಕ್ಷ. ಕಿಟಕಿಯ ಜಾಗ ಸರದಿಯ ಮೇಲೆ. ತಂಟೆ ಬಿದ್ದರೆ ನ್ಯಾಯ ಹೇಳಲು ಇಮಾಮಸಾಬರು. ಅವರು ಹಾವೇರಿ ಕೋರ್ಟಿನಲ್ಲಿ ಬೇಲೀಫರು, ಜನರ ಮನೆಗೆ ಸಮನ್ಸ್ ಮುಟ್ಟಿಸುವ ಕೆಲಸ. ಬಿಳಿ ಮೀಸೆ, ಗಂಭೀರ ಮುಖ. ‘ನ್ಯಾಯಾಧೀಶರನ್ನ ದಿನಾ ನೋಡ್ತಾರ, ಅಷ್ಟ ಸಾಕು’ ಎಂದು ಎಲ್ಲರೂ ಒಪ್ಪಿದೆವು. ಉಳಿದ ಎಲ್ಲ ಸಂಗತಿಗೂ ಕೈ ಎತ್ತುವುದು, ಹೆಚ್ಚು ಕೈ ಎತ್ತ ಕಡೆಯೋ ಅದೇ ಠರಾವು.

‘ಬರದಿಡೂದು ಬ್ಯಾಡೇನ್ರಿ?’ ಎಂದು ನಾನು ಕೇಳಿದ್ದೆ. ಟೈಪಿಸ್ಟ್ ಅಲ್ಲವೇ, ಕೈ ಸುಮ್ಮನಿರುವುದಿಲ್ಲ.

‘ಇಂಗ್ಲಂಡಿನವರದ ಒಂದು ಪುಸ್ತಕದಾಗ ಬರದಿಟ್ಟಿಲ್ಲ, ನಮ್ದ್ಯಾಕವಾ? ಎಲ್ಲಾ ನಮ್ಮ ಮಂದೀನ ಅದಾರ’ ಎಂದುಬಿಟ್ಟರು.

ಎರಡು ವರ್ಷ ಬಹಳ ಚಂದ ನಡೆಯಿತು. ಸಂಜೆ ಹಾವೇರಿ ಸ್ಟೇಷನ್ನಿನಲ್ಲಿ ಮಂಡಕ್ಕಿ, ಮಿರ್ಚಿ ಕಟ್ಟಿಸಿಕೊಂಡು ಬಂದರೆ ಹಂಚುವ ಕೆಲಸ ಅಧ್ಯಕ್ಷರದು, ಯಾರಿಗೆ ಎಷ್ಟು ಎಂಬ ತಕರಾರು ಇಮಾಮಸಾಬರದು. ನಗುತ್ತ ನಗುತ್ತ ಊರು ಬಂದುಬಿಡುತ್ತಿತ್ತು.

ಆಮೇಲೆ ಒಂದು ಮೆಣಸಿನಕಾಯಿ ಸುಗ್ಗಿ ಬಂತು. ಸುಗ್ಗಿಯೆಂದರೆ ಬ್ಯಾಡಗಿಗೆ ಊರೂರಿನಿಂದ ಚೀಲಗಳು ಬಂದು ಬೀಳುತ್ತವೆ, ತೊಟ್ಟು ಬಿಡಿಸಲು ಊರೂರಿನಿಂದ ಹೆಂಗಸರು ಬರುತ್ತಾರೆ. ರಾಣೇಬೆನ್ನೂರಿನಿಂದಲೂ ಒಂದು ಗುಂಪು ಹೋಗುತ್ತಿತ್ತು. ಮುಂಜಾನೆ ನಮಗಿಂತ ಮೊದಲಿನ ಗಾಡಿಗೆ ಹೋಗುವರು, ಸಂಜೆ ಬ್ಯಾಡಗಿಯಲ್ಲಿ ನಮ್ಮ ಗಾಡಿಯನ್ನೇ ಹತ್ತುವರು. ನಮ್ಮ ಡಬ್ಬಿ ಹತ್ತಿ ಬಾಗಿಲ ಬಳಿ ನೆಲದ ಮೇಲೆ ಕೂಡುವರು. ಸೀರೆಯ ತುಂಬ, ತಲೆಯ ತುಂಬ ಮೆಣಸಿನಕಾಯಿಯ ಧೂಳು. ಅವರು ಸೆರಗು ಕೊಡವಿದರೆ ಈ ತುದಿಯಿಂದ ಆ ತುದಿಯವರೆಗೆ ಸೀನು. ಇಸ್ಪೀಟಿನ ಎಲೆಗಳು ಹಾರಿ ಹೋಗುವಂಥ ಸೀನು!

ಒಂದು ಸಂಜೆ ಗಾಡಿ ಬ್ಯಾಡಗಿ ಬಿಟ್ಟ ಮೇಲೆ ಶೇಖಪ್ಪ ಎದ್ದು ನಿಂತ. ಶೇಖಪ್ಪನೂ ನಮ್ಮ ಪಾಸಿನವನೇ, ಬ್ಯಾಡಗಿಯ ಒಂದು ದಲಾಲಿ ಅಂಗಡಿಯ ಗುಮಾಸ್ತ. ‘ಅಧ್ಯಕ್ಷರ, ಒಂದು ಠರಾವು ಐತ್ರಿ. ದಿನಾ ಅಂಗಡ್ಯಾಗ ಈ ಹೆಣ್ಮಕ್ಕಳ ಕೂಡ ಒದರಿ ಒದರಿ ಸಾಕಾಗಿರತೈತಿ. ರೈಲಿನ್ಯಾಗರ ಸುಮ್ನ ಕುಂದ್ರೂಣು ಅಂದ್ರ ಇಲ್ಲೂ ಇವರ! ಮೆಣಸಿನಕಾಯಿ ಘಾಟು ಇದ್ದವರು ಈ ಡಬ್ಬಿ ಹತ್ತಬಾರದು ಅಂತ ಠರಾವು ಆಗಲಿ.’

ಆ ತಿಂಗಳ ಅಧ್ಯಕ್ಷರು ಕಲಂ ಸರ್. ‘ಹಂಗ ಮಾಡಾಕ ಬರೂದಿಲ್ಲ ಶೇಖಪ್ಪ, ಅದು ಅವರ ಹಕ್ಕಿನ ಪ್ರಶ್ನೆ’ ಎಂದರು.

‘ಯಾವ ಹಕ್ಕ್ರೀ ಸರ? ನಮ್ಮ ಡಬ್ಬಿ ಸಂವಿಧಾನದಾಗ ಹಕ್ಕಿನ ಮಾತ ಇಲ್ಲ. ಕೈ ಹೆಚ್ಚು ಎತ್ತ ಕಡೆ ಅದಾವೋ ಅದ ಠರಾವು. ಹೇಳಿದವರು ನೀವ!’

ಕಲಂ ಸರ್ ಠರಾವನ್ನು ಮತಕ್ಕೆ ಹಾಕಿದರು. ಆಮೇಲೆ ಬೆರಳು ಚಾಚಿ ಕೈ ಎಣಿಸಿದರು. ಬೇಡ ಎಂದವರು ಅವರು, ಇಮಾಮಸಾಬರು ಮತ್ತು ನಾನು. ಉಳಿದ ಕೈಗಳೆಲ್ಲ ಮೇಲಿದ್ದವು. ಠರಾವು ಪಾಸಾಯಿತು. ಬಾಗಿಲ ಬಳಿ ಕೂತಿದ್ದ ಹೆಂಗಸರು ತಮ್ಮ ಪಾಡಿಗೆ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಈ ಗಂಡಸರದು ದಿನವೂ ಇದ್ದದ್ದೇ, ಇಸ್ಪೀಟಿನ ಗಲಾಟೆ ಎಂದುಕೊಂಡಿರಬೇಕು.

ಮರುದಿನ ಸಂಜೆ ಬ್ಯಾಡಗಿ ಬರುವ ಮೊದಲೇ ನಮ್ಮ ಪಾಸಿನವರಲ್ಲೇ ಕೆಲವು ಪಡ್ಡೆ ಹುಡುಗರು ಬಾಗಿಲುಗಳಿಗೆ ಚಿಲಕ ಹಾಕಿದರು. ಶೇಖಪ್ಪ ಬಂದು ತನ್ನ ಹೆಸರು ಹೇಳಿದಾಗ ಒಂದು ಬಾಗಿಲನ್ನು ಇಷ್ಟೇ ಇಷ್ಟು ತೆರೆದು ಅವನನ್ನು ಒಳಗೆ ಎಳೆದುಕೊಂಡರು. ಹೆಂಗಸರು ಬಾಗಿಲು ಬಡಿದರು. ‘ತಗೀರೋ, ತಗೀರಿ’ ಎಂದು ಕಲಂ ಸರ್ ಚಿಲಕಕ್ಕೆ ಕೈ ಹಾಕಿದರೆ ಆ ಗಟ್ಟಿಮುಟ್ಟಾದ ಹುಡುಗರು ನಕ್ಕು, ‘ಠರಾವು ಆಗೇತ್ರಿ ಸರ’ ಎಂದು ಅಡ್ಡ ನಿಂತರು. ಗಾಡಿ ಹೊರಟಿತು. ಹೆಂಗಸರು ಹಿಂದಿನ ಡಬ್ಬಿಗಳಿಗೆ ಓಡಿ ಹೇಗೋ ನುಗ್ಗಿಕೊಂಡರು. ಒಬ್ಬಳಿಗೆ ಮಾತ್ರ ಆಗಲಿಲ್ಲ. ಬುತ್ತಿಯ ಗಂಟು ಎದೆಗವಚಿಕೊಂಡು ಓಡಿ ಓಡಿ ಪ್ಲಾಟ್‌ಫಾರ್ಮಿನ ತುದಿಯಲ್ಲಿ ನಿಂತುಬಿಟ್ಟಳು. ಅವಳು ಹನುಮವ್ವ. ಕಲಂ ಸರ್ ಕಿಟಕಿಯ ಸರಳು ಹಿಡಿದು ನೋಡುತ್ತಲೇ ಇದ್ದರು. ರಾಣೇಬೆನ್ನೂರು ಬರುವವರೆಗೂ ಆ ಸರಳು ಬಿಡಲಿಲ್ಲ. ಮಿರ್ಚಿಯ ಪೊಟ್ಟಣವನ್ನು ಯಾರೂ ಬಿಚ್ಚಲಿಲ್ಲ.

ಮಾರನೆಯ ದಿನ ನಾನು ಸ್ಟೇಷನ್ನಿಗೆ ಬಂದರೆ ಅವರು ಆಗಲೇ ಬಂದು ಕಲ್ಲುಬೆಂಚಿನ ಮೇಲೆ ಕೂತಿದ್ದರು. ಹೆಂಗಸರ ಮೊದಲಿನ ಗಾಡಿಯ ಹೊತ್ತಿಗೇ ಬಂದು ಹನುಮವ್ವನನ್ನು ಕಂಡು ಮಾತಾಡಿಸಿದ್ದರು. ಅವಳಿಗೆ ಮೊಲೆ ಕುಡಿಯುವ ಕೂಸು. ಅತ್ತೆಯ ಹತ್ತಿರ ಬಿಟ್ಟು ಹೋಗುತ್ತಿದ್ದಳು. ಆ ಸಂಜೆ ಮೋಟೆಬೆನ್ನೂರಿಗೆ ನಡೆದು, ಹೆದ್ದಾರಿಯಲ್ಲಿ ಬಸ್ಸಿಗೆ ಕೈ ಮಾಡಿ ಮನೆ ಮುಟ್ಟುವಷ್ಟರಲ್ಲಿ ಕೂಸು ಅತ್ತು ಅತ್ತು ದನಿ ಬಿದ್ದು ಹೋಗಿತ್ತಂತೆ. ‘ಇನ್ನೊಮ್ಮೆ ಹಿಂಗಾತಂದ್ರ ಕೆಲಸಕ್ಕ ಹೋಗೂದ ಬ್ಯಾಡ ಅಂದಾರ್ರಿ ಮನ್ಯಾಗ. ಕೆಲಸಾ ಬಿಟ್ರ ಒಲಿ ಹೆಂಗ ಹೊತ್ತತೈತ್ರಿ?’ ಎಂದಳಂತೆ. ಬೈಯಲಿಲ್ಲ, ಅಳಲೂ ಇಲ್ಲ.

‘ಆಮ್ಯಾಲೆ ಏನ ಕೇಳಿದ್ಲು ಗೊತ್ತೇನ ತಂಗಿ?’ ಎಂದರು. ‘ನಿನ್ನೆ ಆ ಡಬ್ಬಿ ಬಾಗಲಾ ಕೆಟ್ಟಿತ್ತೇನ್ರಿ ಸರ, ಎಷ್ಟ ಬಡದ್ರೂ ತಗೀಲಿಲ್ಲ ಅಂದ್ಲು. ನಾವ ಹಾಕಿದ್ವಿ ಅನ್ನೋದು ಆಕೀ ಮನಸ್ಸಿಗೇ ಬಂದಿಲ್ಲ.’

‘ನೀವೇನಂದ್ರಿ?’

‘ಕೆಟ್ಟಿತ್ತವಾ, ಇವತ್ತ ದುರಸ್ತಿ ಮಾಡ್ತೇನಿ ಅಂದೆ.’ ತಮ್ಮ ತೋರುಬೆರಳನ್ನು ತಾವೇ ನೋಡಿಕೊಂಡರು. ‘ಇಷ್ಟು ವರ್ಷ ವಯಸ್ಕ ಮತದಾನದ ಪಾಠ ಮಾಡೇನಿ. ಮೊನ್ನೆ ಕೈ ಎಣಿಸೂ ಮುಂದ ಈ ಬೆರಳು ಬೆಂಚಿನ ಮ್ಯಾಲಷ್ಟ ಓಡಾಡ್ತು. ಅವರೂ ಅಲ್ಲೇ ಕುಂತಿದ್ರು. ಅವರ ಮ್ಯಾಲಿನ ಠರಾವು, ಅವರನ್ನ ನಾ ಕೇಳಲೇ ಇಲ್ಲ! ಹಿರಿಯಾರು ಸುಮ್ಮ ಸುಮ್ಮನ ಅಷ್ಟು ದಪ್ಪ ಪುಸ್ತಕಾ ಬರದಿಲ್ಲ ನೋಡು. ನಂದ ಬುದ್ಧಿಗೇಡಿತನ.’

ಗಾಡಿಯಲ್ಲಿ ಅವರು ಹೊಸದಾಗಿ ಮತ ಹಾಕಬೇಕು ಎಂದರು. ಶೇಖಪ್ಪ ಬಿಡಲಿಲ್ಲ.

‘ಮತಾ ಯಾರ್ಯಾರು ಹಾಕಬೇಕ್ರಿ?’

‘ಡಬ್ಬಿ ಒಳಗಿನ ಮಂದಿ ಎಲ್ಲಾ. ಆ ಹೆಣ್ಮಕ್ಕಳೂ.’

‘ಅವರು ಒಳಗ ಬರೂ ಹಂಗಿಲ್ಲಲ್ರಿ, ಠರಾವು ಐತಿ. ಒಳಗ ಬರದ ಮತಾ ಹೆಂಗ ಹಾಕ್ತಾರ?’

ಹುಡುಗರು ಸಿಳ್ಳೆ ಹೊಡೆದರು. ಇಮಾಮಸಾಬರು ಮೀಸೆಯ ಮೇಲೆ ಕೈಯಾಡಿಸಿ, ‘ಮಾತು ಖರೇ ಐತಿ’ ಎಂದು ಒಪ್ಪಿಕೊಂಡರು. ಕಲಂ ಸರ್ ಚೀಲದ ಮೇಲೆ ಗದ್ದವಿಟ್ಟು ಸುಮ್ಮನೆ ನಕ್ಕರು. ಆ ನಗೆಯನ್ನು ಕಂಡಾಗಲೇ ಸಂಜೆ ಏನೋ ಕಾದಿದೆ ಎಂದು ನಾನು ಎಣಿಸಿದೆ.

ಸಂಜೆ ಹಾವೇರಿಯಲ್ಲಿ ಹತ್ತಿದವರೇ ಅವರು ಬಾಗಿಲಿಗೆ ಬೆನ್ನು ಕೊಟ್ಟು ನಿಂತರು. ಬ್ಯಾಡಗಿ ಬರುವ ಮುಂಚೆ ಹುಡುಗರು ಚಿಲಕ ಹಾಕಿದರು, ಇವರು ತಡೆಯಲಿಲ್ಲ. ಅವತ್ತು ಎದುರಿನಿಂದ ಬರುವ ಎಕ್ಸ್‌ಪ್ರೆಸ್ಸಿಗಾಗಿ ನಮ್ಮ ಗಾಡಿ ಬ್ಯಾಡಗಿಯಲ್ಲಿ ಕಾಯಬೇಕಿತ್ತು. ಹೊರಗೆ ಹೆಂಗಸರು, ಅವರ ನಡುವೆ ಹನುಮವ್ವ. ಹಿಂದಿನ ಡಬ್ಬಿಗಳು ಚೀಲ, ಜನ ತುಂಬಿ ಬಿರಿಯುತ್ತಿದ್ದವು. ಶೇಖಪ್ಪ ಬಂದು ಬಾಗಿಲು ತಟ್ಟಿದ.

‘ನಾನ್ರೋ, ಶೇಖಪ್ಪ. ತಗೀರಿ.’

‘ನಾ ಹೆಸರು ಕೇಳಾಕತ್ತಿಲ್ಲ ಶೇಖಪ್ಪ, ಘಾಟು ಐತೋ ಇಲ್ಲೋ ಕೇಳಾಕತ್ತೇನಿ’ ಎಂದರು ಕಲಂ ಸರ್ ಒಳಗಿನಿಂದ. ‘ದಿನಾ ಮೆಣಸಿನಕಾಯಿ ರಾಶಿ ಮುಂದ ಕುಂದರ್ತೀರಿ. ನಿಮ್ಮ ಧೋತರ ಕೊಡವಿ ತೋರಸ್ರಿ, ನೋಡೂಣು.’

ಶೇಖಪ್ಪ ಧೋತರ ಕೊಡವಲಿಲ್ಲ. ಕೊಡವದೆಯೇ ಕಿಟಕಿಯ ಬಳಿ ಕೂತಿದ್ದ ಒಬ್ಬರು ಸೀನಿದರು. ‘ಠರಾವಿನ್ಯಾಗ ಶೇಖಪ್ಪನ್ನ ಬಿಟ್ಟು ಅಂತ ಏನೂ ಇಲ್ಲ’ ಎಂದು ಇಮಾಮಸಾಬರು ತೀರ್ಪು ಕೊಟ್ಟರು. ಹುಡುಗರಿಗೆ ಎಲ್ಲಿಲ್ಲದ ಖುಷಿ, ಚಿಲಕವನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದರು.

‘ಏ ಸರ, ಚಾಷ್ಟಿ ಮಾಡಬ್ಯಾಡ್ರಿ! ಗಾಡಿ ಹೋಗತೈತಿ!’

‘ನಿನ್ನೇನೂ ಹೋತು’ ಎಂದರು ಕಲಂ ಸರ್. ಆಮೇಲೆ ಯಾರೂ ಎಣಿಸದ ಕೆಲಸ ಮಾಡಿದರು. ಡಬ್ಬಿಯ ಇನ್ನೊಂದು ತುದಿಯ ಬಾಗಿಲು ತೆರೆಸಿ ತಾವೇ ಪ್ಲಾಟ್‌ಫಾರ್ಮಿಗೆ ಇಳಿದು, ‘ಇನ್ನ ಚಿಲಕಾ ಹಾಕ್ರೋ’ ಎಂದರು. ಹಾಕಿದರು. ಹೆಂಗಸರ ಸಾಲಿನ ಮುಂದೆ, ಶೇಖಪ್ಪನ ಪಕ್ಕದಲ್ಲಿ ನಿಂತು, ಕಿಟಕಿಗಳಲ್ಲಿ ಇಣುಕುತ್ತಿದ್ದ ನಮಗೂ ಹೊರಗಿದ್ದವರಿಗೂ ಕೇಳುವಂತೆ ದನಿ ಎತ್ತಿದರು.

‘ಈ ಡಬ್ಬಿಯ ಮಂದಿ ಅಂದ್ರ ಬೆಂಚಿನ ಮ್ಯಾಲೆ ಕುಂತವರಷ್ಟ ಅಲ್ಲ, ಇದನ್ನ ಹತ್ತಬೇಕಾದವರೆಲ್ಲಾ. ಒಳಗ ನಿಂತು ಒಂದು ಸಲ ಠರಾವು ಮಾಡೇವಿ, ಇವತ್ತ ಹೊರಗ ನಿಂತೂ ಮಾಡೂಣು. ಈ ಬಾಗಲಾ ಇನ್ನ ಮ್ಯಾಲೆ ಯಾರಿಗೂ ಹಾಕಬಾರದು. ಒಪ್ಪಾವರು ಕೈ ಎತ್ರಿ!’

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

‘ಕೈ ಎತ್ತಿದ್ರ ಬಾಗಲಾ ತಗೀತಾರೇನ್ರಿ?’ ಎಂದಳು ಹನುಮವ್ವ.

‘ತಗೀತಾರವಾ.’

ಬುತ್ತಿಯ ಗಂಟನ್ನು ಕಾಲ ಬಳಿ ಇಟ್ಟು ಎರಡೂ ಕೈ ಎತ್ತಿದಳು.

‘ಒಂದ ಸಾಕವಾ. ಒಬ್ಬರಿಗೆ ಒಂದ ಮತ.’

ಒಂದನ್ನು ಇಳಿಸಿದಳು. ಅವಳ ಹಿಂದೆ ಎಲ್ಲರ ಕೈಗಳೂ ಮೇಲೆ ಬಂದವು. ಒಳಗೆ ನಾನು ಕಿಟಕಿಯಿಂದ ಕೈ ಹೊರಗೆ ಹಾಕಿದೆ, ಇಮಾಮಸಾಬರು ಹಾಕಿದರು, ಮತ್ತೂ ಒಂದಿಬ್ಬರು ನಾಚಿಕೊಂಡು ಹಾಕಿದರು. ಎದುರಿನ ಎಕ್ಸ್‌ಪ್ರೆಸ್ ಸಿಳ್ಳೆ ಹಾಕುತ್ತಾ ದಾಟಿ ಹೋಯಿತು. ಶೇಖಪ್ಪ ಸಿಗ್ನಲ್ ನೋಡಿದ, ಬಾಗಿಲು ನೋಡಿದ, ಹನುಮವ್ವನನ್ನು ನೋಡಿದ. ಅವನ ಕೈ ಭುಜದವರೆಗೆ ಬಂದು ನಿಂತಿತು.

‘ಪೂರಾ ಎತ್ರಿ ಶೇಖಪ್ಪ, ಅರ್ಧ ಮತ ಅಂತ ಇಲ್ಲ.’

ಪೂರಾ ಎತ್ತಿದ. ತನ್ನ ಠರಾವನ್ನು ತಾನೇ ಬೀಳಿಸಿದ.

ಹುಡುಗರು ಚಿಲಕ ತೆಗೆದರು. ಗಾಡಿ ಒಮ್ಮೆ ಜಗ್ಗಿ ಹೊರಟಾಗ ಮೊದಲು ಹತ್ತಿದ ಶೇಖಪ್ಪ ಬಾಗಿಲಲ್ಲಿ ನಿಂತು, ‘ಲಗೂ ಬರ್ರಬೇ, ಲಗೂ’ ಎಂದು ಹೆಂಗಸರನ್ನು ಒಬ್ಬೊಬ್ಬರನ್ನಾಗಿ ಕೈ ಹಿಡಿದು ಎಳೆದುಕೊಂಡ. ಕಲಂ ಸರ್ ಇನ್ನೂ ಬೆರಳು ಚಾಚಿಕೊಂಡು ಕಿಟಕಿಗಳ ಕೈಗಳನ್ನು ಎಣಿಸುತ್ತಲೇ ಇದ್ದರು! ‘ಎಣಿಸಿದ್ದು ಸಾಕ್ರಿ ಸರ, ಹತ್ರಿ!’ ಎಂದು ನಾನು ಚೀರಿದೆ. ಹನುಮವ್ವ ಬಾಗಿಲಿನಿಂದ ಬಗ್ಗಿ ಅವರ ಅಂಗಿಯ ತೋಳನ್ನೇ ಹಿಡಿದು ಒಳಗೆ ಜಗ್ಗಿದಳು.

ಬೆಂಚಿನ ಮೇಲೆ ಜಾಗವಿತ್ತು. ಅವರು ಹೋಗಲಿಲ್ಲ, ಹೆಂಗಸರ ನಡುವೆ ನೆಲದ ಮೇಲೆಯೇ ಕೂತು ಹನುಮವ್ವನ ಕೂಸಿನ ಸಂಗತಿಯನ್ನು ಡಬ್ಬಿಗೆಲ್ಲ ಹೇಳಿದರು. ಸೀನುತ್ತಾ ಸೀನುತ್ತಾ ಇನ್ನೊಂದು ಕಲಂ ಸೇರಿಸಿದರು: ಈ ಬಾಗಿಲಿನ ಠರಾವನ್ನು ನಾಳೆ ಎಷ್ಟು ಕೈ ಎತ್ತಿದರೂ ಯಾರೂ ರದ್ದು ಮಾಡುವ ಹಾಗಿಲ್ಲ. ಎಲ್ಲರೂ ಸೀನುತ್ತಲೇ ಒಪ್ಪಿದರು. ‘ಸರ, ಜರಾ ಆ ಕಡೆ ಸರೀರಿ, ನಿಮ್ಮ ಚೀಲಾ ನನ್ನ ಕಾಲಿಗೆ ಒತ್ತಾಕತ್ತೈತಿ’ ಎಂದಳು ಹನುಮವ್ವ. ಅಷ್ಟು ಸಂತೋಷದಿಂದ ಅವರು ಸರಿದದ್ದನ್ನು ನಾನು ಬೇರೆಲ್ಲೂ ಕಾಣಲಿಲ್ಲ.

ರಾಣೇಬೆನ್ನೂರು ಬಂತು. ‘ದಾರಿ ಬಿಡ್ರಿ, ಕೂಸಿನ ತಾಯಿ ಮೊದಲ ಇಳೀಬೇಕು’ ಎಂದು ಕೂಗಿದವನು ಶೇಖಪ್ಪ. ಅವಳು ಗಾಡಿ ಪೂರ್ತಿ ನಿಲ್ಲುವ ಮೊದಲೇ ಇಳಿದು, ಹಿಂದೆ ಕೂಡ ನೋಡದೆ ಓಡಿದಳು. ಕಲಂ ಸರ್ ಇಳಿದು ಕನ್ನಡಕ ತೆಗೆದು ಒರೆಸಿಕೊಳ್ಳತೊಡಗಿದರು. ಕನ್ನಡಕವಿಲ್ಲದೆ ಅವರಿಗೆ ಮಾರು ದೂರವೂ ಕಾಣದು.

‘ತಂಗೀ, ಆಕಿ ಗೇಟು ದಾಟಿದ್ಲೇನು?’

ಇಣುಕಿ ನೋಡಿದೆ. ದೀಪದ ಕಂಬದ ಕೆಳಗೆ ಸೆರಗು ಒಮ್ಮೆ ಹಾರಿ, ತಿರುವಿನಲ್ಲಿ ಮರೆಯಾಯಿತು.

‘ದಾಟಿದ್ಲ್ರಿ ಸರ.’

‘ಹಂಗಾದ್ರ ಠರಾವು ಪಾಸ್’ ಎಂದು ಅವರು ಕನ್ನಡಕ ಹಾಕಿಕೊಂಡರು.